ಎಂಜಲು ಕೈಯ ಪಾಸ್‌ವರ್ಡ್

ದಾವಣಗೆರೆಯಲ್ಲಿ ಐದು ದಿನದ ಎಥಿಕಲ್ ಹ್ಯಾಕಿಂಗ್ ತರಬೇತಿಗೆ ಹೋಗಬೇಕೆಂದು ಆದೇಶ ಬಂದಾಗ ನಮ್ಮತ್ತೆ ಅದನ್ನು ಎರಡು ಸಲ ಓದಿಸಿಕೊಂಡರು.

"ಕಳ್ಳತನ ಕಲಿಯಾಕೆ ಸಂಘದೋರೇ ಕಳಿಸ್ತಾರಾ?"

ಕಳ್ಳ ಬರುವ ದಾರಿ ಮೊದಲೇ ಗೊತ್ತಾದರೆ ಬೀಗ ಸರಿ ಮಾಡಬಹುದು, ಅದಕ್ಕೆ ಯಜಮಾನರ ಒಪ್ಪಿಗೆ ತೆಗೆದುಕೊಂಡು ನಾವೇ ಒಮ್ಮೆ ನುಗ್ಗಿ ನೋಡುವುದು ಎಂದು ವಿವರಿಸಿದೆ. "ಒಪ್ಪಿಗೆ ತಗಂಡು ಒಳಗೆ ಬಂದ್ರೆ ಅದು ನೆಂಟಸ್ತನ ಅಲ್ವೇನೇ" ಎಂದು ಅವರು ಅಕ್ಕಿ ಆರಿಸುವುದಕ್ಕೆ ಕೂತರು. ಐದು ದಿನದ ತರಬೇತಿಯಲ್ಲಿ ಇದಕ್ಕಿಂತ ಚೆನ್ನಾದ ಮಾತು ನನಗೆ ಸಿಗಲಿಲ್ಲ, ಆದರೆ ಅದು ತಿಳಿದದ್ದು ಆಮೇಲೆ.

ನಮ್ಮದು ಅಡಿಕೆ, ಮೆಕ್ಕೆಜೋಳ ಬೆಳೆಯುವವರ ಒಂದು ಸಹಕಾರ ಸಂಘ. ಚನ್ನಗಿರಿಯಲ್ಲಿ ಪ್ರಧಾನ ಕಚೇರಿ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಶಾಖೆಗಳು. ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಹಾಗೆಂದರೆ ಇಪ್ಪತ್ತು ವರ್ಷದಿಂದ ಪ್ರಿಂಟರಿನೊಳಗೆ ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದೇನೆ. ಸದಸ್ಯರ ಆಧಾರ್, ಪಹಣಿ, ಮೊಬೈಲ್ ನಂಬರ್ ಎಲ್ಲ ನಮ್ಮ ಯಂತ್ರದಲ್ಲೇ ಇರುವುದರಿಂದ ಭದ್ರತೆ ಕಲಿಯಲು ಯಾರನ್ನಾದರೂ ಕಳಿಸಬೇಕಿತ್ತು, ನನ್ನನ್ನು ಕಳಿಸಿದರು.

ತರಬೇತಿಯಲ್ಲಿ ನನ್ನ ಅಕ್ಕಪಕ್ಕ ಬ್ಯಾಂಕಿನವರು, ಕಾಲೇಜಿನವರು, ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವರು. ಕಲಿಸುವಾತ ನನ್ನ ವಯಸ್ಸಿನ ಅರ್ಧಕ್ಕಿದ್ದ, ಐದೂ ದಿನ ಕಪ್ಪು ಟೀ ಶರ್ಟ್. ನಾಲ್ಕನೆಯ ದಿನ ಯಂತ್ರಗಳನ್ನು ಬಿಟ್ಟು ಮನುಷ್ಯರನ್ನು ವಂಚಿಸುವ ವಿಧಾನಕ್ಕೆ ಬಂದ. "ಹೆದರಿಸಿ, ಅವಸರ ಮಾಡಿ, ಪಾಸ್‌ವರ್ಡ್ ತಾನಾಗಿ ಬರುತ್ತದೆ" ಎಂದ. ನನಗೆ ನಗು ಬಂತು. ನಮ್ಮ ಕಡೆ ಹೆದರಿಸಿದರೆ ಎರಡು ಬೈಗುಳ ಬರುತ್ತವೆ ಅಷ್ಟೇ. ಬಿಸಿಲಲ್ಲಿ ಬಂದೆ ಎಂದು ಉಸ್ಸಪ್ಪಾ ಅನ್ನಿ, ಬೀರುವಿನ ಕೀಲಿಕೈಯನ್ನೂ ಕೊಡುತ್ತಾರೆ. ಹಾಗಂತ ಹೇಳಿದ್ದಕ್ಕೆ ಆತ "ಒಳ್ಳೇ ಪಾಯಿಂಟ್ ಮೇಡಂ" ಎಂದು ಪರದೆಯ ಮೇಲೆ ಮುಂದಿನ ಸ್ಲೈಡಿಗೆ ಹೋದ.

ಸರ್ಟಿಫಿಕೇಟ್ ಬೇಕಾದರೆ ನಮ್ಮ ನಮ್ಮ ಕಚೇರಿಯನ್ನೇ ಪರೀಕ್ಷಿಸಿ ವರದಿ ಕೊಡಬೇಕಿತ್ತು. ಮೊದಲ ನಿಯಮ, ಯಜಮಾನರ ಲಿಖಿತ ಒಪ್ಪಿಗೆ. ನಮ್ಮ ಕಾರ್ಯದರ್ಶಿಗಳು ಪತ್ರವನ್ನು ಓದದೆಯೇ ರುಜು ಹಾಕಿದರು. ಮುಂದಿನ ಕಥೆಗೆ ಇದು ಮುಖ್ಯ.

ಎಲ್ಲ ಕಚೇರಿಗಳಿಗೂ ನಾನೊಂದು ಸುಳ್ಳು ಮೇಲ್ ಕಳಿಸಿದೆ: "ರಾಶಿ ಅಡಿಕೆ ಧಾರಣೆ ದಿಢೀರ್ ಏರಿಕೆ, ನೋಡಲು ಇಲ್ಲಿ ಒತ್ತಿ." ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಹತ್ತು ನಿಮಿಷ ಕಳೆದಿರಲಿಲ್ಲ, ಪಕ್ಕದ ಕೋಣೆಯಿಂದ ಕಾರ್ಯದರ್ಶಿಗಳ ಫೋನು. "ಏನ್ರೀ, ನೆಟ್ ಸ್ಲೋ ಐತಾ? ಮೂರು ಸಲ ಪಾಸ್‌ವರ್ಡ್ ಹೊಡೆದೆ, ಧಾರಣೆ ಬರ್ತಾನೇ ಇಲ್ಲ." ಸ್ವಲ್ಪ ಸ್ಲೋ ಐತೆ ಸಾರ್ ಎಂದೆ.

ಆಮೇಲೆ ಶಾಖೆಗಳಿಗೆ ನಾನೇ ಹೋದೆ. ಹೊನ್ನಾಳಿ, ನ್ಯಾಮತಿಯವರಿಗೆ ನನ್ನ ಗುರುತಿತ್ತು, ವೇಷ ಬೇಕಾಗಲಿಲ್ಲ. ಹೊನ್ನಾಳಿಯಲ್ಲಿ ಪಾಸ್‌ವರ್ಡ್ ಬರೆದ ಚೀಟಿ ದೇವರ ಫೋಟೋದ ಹಿಂದಿತ್ತು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿದ್ದರು. ನ್ಯಾಮತಿಯ ಮ್ಯಾನೇಜರ್ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ, ರಸ್ತೆಯ ಆ ಕಡೆಯಿಂದಲೇ ಪಾಸ್‌ವರ್ಡ್ ಕೂಗಿ ಹೇಳಿದರು. ಲಾರಿಯ ಸದ್ದಿಗೆ ಕೊನೆಯ ಅಕ್ಷರ ನನಗೆ ಕೇಳಲಿಲ್ಲ. ಶಾಖೆಯ ಬಾಗಿಲಲ್ಲಿ ಸಾಲು ನಿಂತಿದ್ದ ಹಿರಿಯರೊಬ್ಬರು, "ಕೊನೀಗೆ ಒಂದು ಸೊನ್ನೆ ಐತಂತೆ ನೋಡವ್ವಾ" ಎಂದು ಸಹಾಯ ಮಾಡಿದರು.

ಜಗಳೂರಿಗೆ ಹೋದಾಗ ಊಟದ ಹೊತ್ತು. ಮ್ಯಾನೇಜರ್ ರಜೆಯಲ್ಲಿದ್ದರು. ಎರಡು ತಿಂಗಳ ಹಿಂದೆ ಗುತ್ತಿಗೆಯ ಮೇಲೆ ಸೇರಿದ ಗುಮಾಸ್ತೆಯೊಬ್ಬಳೇ ಇದ್ದಳು, ಸೊಕ್ಕೆ ಎಂಬ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ನನ್ನನ್ನು ಅವಳು ನೋಡಿರಲಿಲ್ಲ. ಪ್ರಿಂಟರ್ ರಿಪೇರಿಗೆ ದಾವಣಗೆರೆಯಿಂದ ಬಂದಿದ್ದೇನೆ ಎಂದೆ. ಗುರುತಿನ ಚೀಟಿ ಕೇಳಲಿಲ್ಲ. ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿದಳು. "ಇಷ್ಟು ಬಿಸಿಲಾಗೆ ಬಂದೀರಿ, ಕೂತ್ಕಳ್ರಿ ಅಕ್ಕಾ" ಎಂದು ನೀರು ಕೊಟ್ಟಳು. ಡಬ್ಬಿಯ ಮುಚ್ಚಳದಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಹಾಕಿ ನನ್ನ ಮುಂದಿಟ್ಟಳು. ನಾನು ಬೇಗಬೇಗ ತಿಂದು ಕೈ ತೊಳೆದೆ. ಅವಳಿನ್ನೂ ತಿನ್ನುತ್ತಿದ್ದಳು. ಪ್ರಿಂಟರ್ ನೋಡಲು ಕಂಪ್ಯೂಟರ್ ತೆರೆಯಬೇಕಲ್ಲ ಎಂದೆ.

ಅವಳು ತನ್ನ ಬಲಗೈ ನೋಡಿಕೊಂಡಳು. ಆ ಕೈಯಲ್ಲಿ ಕೀಬೋರ್ಡ್ ಮುಟ್ಟುವುದುಂಟೇ? ಅದೂ ಪೂಜೆ ಮಾಡಿದ ಯಂತ್ರವನ್ನು? "ನನ್ನ ಕೈ ಎಂಜಲಾಗೈತೆ ಅಕ್ಕಾ, ನೀವೇ ಹೊಡ್ಕಳ್ರಿ. ನನ್ನ ಮಗಳ ಹೆಸರು, ಅದರ ಮುಂದೆ ಒಂದು ಎರಡು ಮೂರು" ಎಂದಳು. ಮಗಳ ಹೆಸರನ್ನೂ ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ.

ಪರದೆ ತೆರೆಯಿತು. ನಾನು ಚೀಲದಿಂದ ಒಪ್ಪಿಗೆ ಪತ್ರ ತೆಗೆದು ತೋರಿಸಿ, ನಾನು ಯಾರೆಂದು ಹೇಳಿದೆ. ಅವಳು ಪತ್ರ ಓದಿದಳು. ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು.

"ನನ್ನ ರೊಟ್ಟಿ ತಿಂದು ಹಿಂಗ್ ಮಾಡಿದ್ರಾ?"

ನನಗೆ ನಾಚಿಕೆಯಾಯಿತು. ವಾಪಸ್ಸು ಬರುವಾಗ ದಾವಣಗೆರೆಯವರೆಗೂ ಬಸ್ಸಿನಲ್ಲಿ ಅದೇ ಯೋಚನೆ.

ವರದಿಯಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ. ಕಾರ್ಯದರ್ಶಿಗಳು ಅದನ್ನು ತಿರುವಿ ಹಾಕಿ, "ಜಗಳೂರಾಗೆ ಕೊಟ್ಟೋರು ಯಾರು? ಆ ಹೊಸ ಹುಡುಗಿನೇ ಇರಬೇಕು. ಅವಳ ಗುತ್ತಿಗೆ ಈ ತಿಂಗಳು ಮುಗಿಯುತ್ತೆ. ಮುಂದುವರಿಸೋದು ಬ್ಯಾಡ" ಎಂದರು. ಗುತ್ತಿಗೆ ಮುಂದುವರಿಸುವ ಆದೇಶ ರುಜುವಿಗಾಗಿ ಅವರ ಮೇಜಿನ ಮೇಲೇ ಇತ್ತು.

ನನಗೆ ಸಿಟ್ಟು ಬಂದರೆ ಮಾತು ಇನ್ನೂ ಮೆತ್ತಗಾಗುತ್ತದೆ. "ಹೆಸರು ಹಾಕ್ತೀನಿ ಸಾರ್. ದೊಡ್ಡ ಹುದ್ದೆಯಿಂದ ಶುರು ಮಾಡಿ ಕೆಳಗೆ ಬರೋದು ಕ್ರಮ. ಅಡಿಕೆ ಧಾರಣೆ ನೋಡಾಕೆ ಒಬ್ರು ಮೂರು ಸಲ ಪಾಸ್‌ವರ್ಡ್ ಹೊಡೆದಾರೆ, ಅವರನ್ನ ಮೊದಲು ಹಾಕ್ಲಾ?"

ಅವರು ಕನ್ನಡಕ ತೆಗೆದು ಒರೆಸಿದರು.

"ಅದು ನೀವೇ ಕಳ್ಸಿದ್ದಾ?"

"ನಿಮ್ಮ ರುಜು ಐತೆ ಸಾರ್."

ಅವರೂ ಸುಲಭಕ್ಕೆ ಬಿಡುವವರಲ್ಲ. ಎಲ್ಲ ಶಾಖೆಯವರಿಗೂ ಪಾಠ ಮಾಡಿ, ಆಮೇಲೆ ಜಗಳೂರಿಗೆ ಇನ್ನೊಮ್ಮೆ ನೀವೇ ಹೋಗಿ ಕೇಳಿ ಎಂದರು. "ಗೊತ್ತಿಲ್ಲದೋರಿಗೆ ಇಲ್ಲ ಅನ್ನೋದು ಸುಲಭ. ಮೇಲಿನೋರಿಗೆ ಇಲ್ಲ ಅಂತಾಳಾ ನೋಡೋಣ. ಹಂಗಂದ್ರೆ ಅವಳ ಆದೇಶಕ್ಕೆ ರುಜು ಹಾಕ್ತೀನಿ. ಪಾಸ್‌ವರ್ಡ್ ಕೊಟ್ರೆ ಹಾಕಲ್ಲ." ಪರೀಕ್ಷೆಯ ವಿಷಯ ಅವಳಿಗೆ ತಿಳಿಯಬಾರದು ಎಂಬ ಷರತ್ತು ಬೇರೆ.

ಚನ್ನಗಿರಿಯಲ್ಲಿ ಪಾಠ ಮಾಡಿದೆ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ ಎಂದು ನಾಲ್ಕು ಸಲ ಅಂದೆ. ಹೊನ್ನಾಳಿಯವರು ಚೀಟಿಯನ್ನು ಬೇರೆ ದೇವರ ಹಿಂದೆ ಇಡಬಹುದೇ ಎಂದು ಕೇಳಿದರು. ನ್ಯಾಮತಿಯ ಮ್ಯಾನೇಜರ್ ಎಲ್ಲದಕ್ಕೂ ತಲೆಯಾಡಿಸಿದರು, ಟೀ ಬಂದಾಗ ಜಾಸ್ತಿ. ಜಗಳೂರಿನವಳು ಕೊನೆಯ ಸಾಲಿನಲ್ಲಿ ಕೂತು ಬರೆದುಕೊಂಡಳು, ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

ಹತ್ತು ದಿನ ಬಿಟ್ಟು ಜಗಳೂರಿಗೆ ಹೋದೆ, ಬೇಕೆಂತಲೇ ಊಟದ ಹೊತ್ತಿಗೆ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಕೆಲಸವೂ ನನಗೆ ಇಷ್ಟು ಬೇಸರ ತಂದಿರಲಿಲ್ಲ. ಅವಳು ಡಬ್ಬಿ ಬಿಚ್ಚಿ ತಿನ್ನುತ್ತಿದ್ದಳು. ನನ್ನನ್ನು ಕಂಡು ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ. ಮುಚ್ಚಳ ತೆಗೆದು ಎರಡು ರೊಟ್ಟಿ ಹಾಕಿ ನನ್ನ ಕಡೆ ತಳ್ಳಿದಳು. ಈ ಸಲ ಹೆಸರುಕಾಳಿನ ಪಲ್ಯ. ನಾನು ಮುಟ್ಟಲಿಲ್ಲ. ನನಗೆ ಬರುವಷ್ಟೂ ಅಕ್ಕರೆಯನ್ನು ದನಿಯಲ್ಲಿ ಹಾಕಿ ಹೇಳಿದೆ:

"ಕಾರ್ಯದರ್ಶಿಗಳಿಗೆ ಒಂದು ಪಟ್ಟಿ ಅರ್ಜೆಂಟಾಗಿ ಕಳಿಸಬೇಕವ್ವಾ. ನೀನು ಏಳಬ್ಯಾಡ, ಕೈ ಎಂಜಲಾಗೈತೆ. ಪಾಸ್‌ವರ್ಡ್ ಹೇಳು, ನಾನೇ ಹೊಡ್ಕಂತೀನಿ."

ಅವಳು ನನ್ನನ್ನೇ ನೋಡಿದಳು. ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದಳು. ಹೇಳಬೇಡ ತಾಯಿ, ಹೇಳಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಅವಳು ಅರ್ಧ ರೊಟ್ಟಿ ಹಾಗೆಯೇ ಬಿಟ್ಟು ಎದ್ದಳು. ಹಿಂದಿನ ನಲ್ಲಿಗೆ ಹೋಗಿ ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿ ಎಳೆದುಕೊಂಡಳು.

"ಆ ಕಡೆ ತಿರುಗ್ರಿ ಮೇಡಂ."

"ನಾನೇ ಅಲ್ವೇನವ್ವಾ?"

"ಅದಕ್ಕೇ ತಿರುಗ್ರಿ ಅಂದಿದ್ದು. ರೊಟ್ಟಿ ಒಣಗ್ತವೆ, ತಿನ್ರಿ. ರೊಟ್ಟಿ ಯಾರು ಬಂದ್ರೂ ಕೊಡ್ತೀನಿ."

ಇಪ್ಪತ್ತು ವರ್ಷದ ನೌಕರಿಯ ನಾನು, ಹೊಸದಾಗಿ ಹ್ಯಾಕಿಂಗ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿದವಳು, ಶಿಕ್ಷೆಗೆ ಸಿಕ್ಕಿದ ಶಾಲೆಯ ಹುಡುಗಿಯಂತೆ ರೊಟ್ಟಿಯ ಮುಚ್ಚಳ ಹಿಡಿದು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಕೂತೆ. ಅವಳ ಕೆಲಸ ಉಳಿಯಿತು. ಕಣ್ಣಲ್ಲಿ ನೀರು ಬಂತು, ಅವಳಿಗೆ ಬೆನ್ನು ಕಾಣಿಸುತ್ತಿದ್ದುದು ಒಳ್ಳೆಯದೇ ಆಯಿತು. ಹಿಂದಿನಿಂದ ಕೀಗಳ ಟಕಟಕ ಕೇಳುತ್ತಿತ್ತು. ಮಗಳ ಹೆಸರು ಇಷ್ಟು ಹೊತ್ತಿಗೆ ಎರಡು ಸಲ ಮುಗಿಯಬೇಕಿತ್ತು. ಟಕಟಕ ಮಾತ್ರ ಇನ್ನೂ ನಡೆದೇ ಇತ್ತು.

ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು, ಮುಗಿಯಿತೇ ಎಂದು ಸ್ವಲ್ಪ ಕತ್ತು ಹೊರಳಿಸಿದೆ.

"ಇನ್ನೂ ಇಲ್ಲ" ಎಂದಳು.