ಹಾಸಿಗೆಯ ಹತ್ತಿರ ಒಂದು ಬಚ್ಚಲು

ಹೊಸ ಮನೆ ಕಟ್ಟಿಸುತ್ತೀರಿ ಎಂದು ಗೊತ್ತಾದರೆ ಸಾಕು, ಬಾಯಿ ಇದ್ದವರೆಲ್ಲ ಎಂಜಿನಿಯರುಗಳಾಗುತ್ತಾರೆ. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಲು ಹೊರಟಾಗ ಬಂದ ಸಲಹೆಗಳನ್ನೆಲ್ಲ ಪೇರಿಸಿದ್ದರೆ ಕಾಂಪೌಂಡು ಗೋಡೆಗೆ ಇಟ್ಟಿಗೆಯೇ ಬೇಕಾಗುತ್ತಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಮಿಕ್ಸಿಗೊಂದು, ಗ್ರೈಂಡರಿಗೊಂದು ಬೇರೆ ಬೇರೆ ಪಾಯಿಂಟ್ ಇರಲಿ. ಮಲಗಿದಲ್ಲಿಂದಲೇ ಲೈಟು ಆರಿಸುವಂತೆ ಸ್ವಿಚ್ ಇರಲಿ. ಸಂಪಿನ ಬಾಯಿ ಕಾರು ನಿಲ್ಲುವ ಜಾಗದಲ್ಲಿ ಬೇಡ, ಟ್ಯಾಂಕರ್ ಬಂದಾಗಲೆಲ್ಲ ಕಾರು ತೆಗೆಯಬೇಕಾಗುತ್ತದೆ. ಮಾಳಿಗೆಯ ಮೇಲೆ ನಲ್ಲಿ ಹಾಕಿಸಿ, ಸಂಡಿಗೆ ಇಡುವ ದಿನ ಕೆಳಗಿನಿಂದ ನೀರು ಹೊರುವುದು ತಪ್ಪುತ್ತದೆ. ಬಚ್ಚಲ ನೆಲದ ಇಳಿಜಾರು ಮೋರಿಯ ಕಡೆಗೇ ಇದೆಯೇ ಎಂದು ಒಂದು ತಂಬಿಗೆ ನೀರು ಚೆಲ್ಲಿ ನೋಡಿ, ಆಮೇಲೆ ಮೇಸ್ತ್ರಿಗೆ ಹೋಗಲು ಬಿಡಿ.

ಎಲ್ಲವೂ ಸರಿಯಾದ ಮಾತೇ. ಅರ್ಧದಷ್ಟನ್ನು ನಾನೇ ಹೇಳಿದ್ದು. ಆದರೆ ಆ ಮನೆಯಲ್ಲಿ ನನಗೆ ನಿಜವಾಗಿ ಬೇಕಾಗಿದ್ದುದು ಒಂದೇ. ಮಲಗುವ ಕೋಣೆಗೆ ಹೊಂದಿಕೊಂಡ ಬಚ್ಚಲು, ಅದರೊಳಗೇ ಕಮೋಡು, ಹಾಸಿಗೆಯಿಂದ ಎದ್ದರೆ ಬಾಗಿಲು ಕೈಗೆ ಸಿಗಬೇಕು. ಅದನ್ನು ಕೇಳುವುದಕ್ಕೆ ಮಾತ್ರ ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಯಾಕೆಂದು ಹೇಳಿಬಿಡುತ್ತೇನೆ. ನನಗೆ ಮೂತ್ರ ತಡೆಯುವುದಿಲ್ಲ. ಸೀನಿದರೆ, ಕೆಮ್ಮಿದರೆ, ತುಂಬಿದ ಕೊಡ ಎತ್ತಿದರೆ, ಹೊಟ್ಟೆ ತುಂಬ ನಕ್ಕರೆ ಸೀರೆ ಒದ್ದೆಯಾಗುತ್ತದೆ. ಮಗಳು ಹುಟ್ಟಿದ ಮೇಲೆ ಸ್ವಲ್ಪ ಸ್ವಲ್ಪ ಇತ್ತು, ಗರ್ಭಕೋಶ ತೆಗೆಸಿದ ಮೇಲೆ ಪೂರಾ ಆಯಿತು. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ತರಕಾರಿಯವನ ಹತ್ತಿರ ತೆಲುಗಿನಲ್ಲಿ, ಆಟೋದವನ ಹತ್ತಿರ ಹಿಂದಿಯಲ್ಲಿ, ಮನೆಯವರ ಹತ್ತಿರ ಕನ್ನಡದಲ್ಲಿ ಜಗಳ ತೆಗೆಯುವ ಹೆಂಗಸು ನಾನು. ಇದೊಂದನ್ನು ಹೇಳಲು ಯಾವ ಭಾಷೆಯಲ್ಲೂ ನಾಲಿಗೆ ಏಳಲಿಲ್ಲ. ಡಾಕ್ಟರ ಮುಂದೆ ಕೂತು ಮೊಣಕಾಲು ನೋವೆಂದು ಹೇಳಿ ಗುಳಿಗೆ ಬರೆಸಿಕೊಂಡು ಬಂದಿದ್ದೇನೆ.

ಅದನ್ನು ಮುಚ್ಚಿಟ್ಟದ್ದು ಮಡಿ. ನಮ್ಮವರು ರಾಯಚೂರ ಕಡೆಯವರು, ಮಾವನವರ ಕಾಲಕ್ಕೇ ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದವರು. ಊರು ಬಿಟ್ಟರೂ ಅತ್ತೆಯವರು ಮಡಿ ಬಿಟ್ಟಿರಲಿಲ್ಲ. ಸ್ನಾನ ಮಾಡಿ, ಯಾರೂ ಮುಟ್ಟದೆ ಗಳದ ಮೇಲೆ ಒಣಗಿದ ಸೀರೆ ಉಟ್ಟು, ಅಡುಗೆ ಮಾಡಿ, ದೇವರಿಗೆ ನೈವೇದ್ಯ ಆಗುವ ತನಕ ಅವರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ಅವರು ಹೋದ ಮೇಲೆ ನಾನು ಅದನ್ನೆಲ್ಲ ಸಡಿಲ ಬಿಟ್ಟಿದ್ದೆ. ಆಪರೇಷನ್ ಆದ ವರ್ಷ ಒಂದು ಬೆಳಿಗ್ಗೆ ಒಗ್ಗರಣೆಯ ಘಾಟಿಗೆ ಸೀನು ಬಂತು. ಒಲೆ ಆರಿಸಿ ಬಚ್ಚಲಿಗೆ ಓಡಿದೆ. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು.

"ಮತ್ಯಾಕ ಸ್ನಾನ?"

"ಮಡಿ ಕೆಟ್ಟಿತ್ರಿ" ಅಂದೆ.

ಸುಳ್ಳು ಎನ್ನಲು ಬರುವುದಿಲ್ಲ, ನಿಜವೂ ಅಲ್ಲ. ಅವರು ಸುಮ್ಮನೆ ತಲೆಯಾಡಿಸಿ ಪೇಪರಿಗೆ ಮರಳಿದರು. ಅಷ್ಟು ಸುಲಭ. ಅಂದಿನಿಂದ ಸೀರೆ ಬದಲಿಸಿದಾಗಲೆಲ್ಲ ಮಡಿ, ದೂರದ ಮದುವೆಗೆ ಹೋಗದಿದ್ದರೆ ಮಡಿ, ಬಸ್ಸು ಹತ್ತದಿದ್ದರೆ ಮಡಿ. ರಾಯಚೂರಿನಿಂದ ಬಂದ ಬಳಗದವರು "ಅತ್ತೀನ್ನೂ ಮೀರಿಸ್ಯಾಳ ನೋಡ್ರಿ ಸೊಸಿ" ಎಂದು ದೂರದಿಂದಲೇ ನನಗೆ ಕೈ ಮುಗಿಯುತ್ತಿದ್ದರು. ಛೀ, ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸುತ್ತಿತ್ತು ಆಗ. ಮುಗಿದ ಕೈ ಕೆಳಗಿಳಿಸಿ ಎಂದು ಹೇಳುವುದಾದರೂ ಹೇಗೆ.

ಗಚ್ಚಿಬೌಲಿಯಲ್ಲಿ ಮಗಳ ಫ್ಲ್ಯಾಟು ಇದೆ. ಅಲ್ಲಿ ಪ್ರತಿ ಕೋಣೆಗೂ ಬಚ್ಚಲು. ಮೊದಲ ಸಲ ಅಲ್ಲಿ ಉಳಿದಾಗ ಎಷ್ಟೋ ವರ್ಷಗಳ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದವಳು ಮಗಳ ಅತ್ತೆಯ ಎದುರಿಗೆ ಏನೆಂದೆ ಗೊತ್ತೇ? "ದೇವರ ಗ್ವಾಡಿಗೆ ಸಂಡಾಸದ ಗ್ವಾಡಿ ಹತ್ತೇದಲ್ಲ, ಇದೆಂಥಾ ಮನಿ ಕಟ್ಯಾರ?" ಬೀಗಿತ್ತಿಯ ಮುಂದೆ ನನ್ನ ಮಡಿಯ ಹೆಸರು ಉಳಿಯಬೇಕಿತ್ತಲ್ಲ. ಯಜಮಾನರು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ನನ್ನ ನೂರು ಮಾತು ಕಿವಿಗೆ ಹಾಕಿಕೊಳ್ಳದವರು ಈ ಒಂದು ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡರು.

ಹೊಸ ಮನೆಯ ಕೆಲಸ ನಡೆದಷ್ಟು ಕಾಲ ನಾವು ನಾಚಾರಂನಲ್ಲಿ ಬಾಡಿಗೆಗೆ ಇದ್ದೆವು. ಯಜಮಾನರು ರೈಲ್ವೆಯಿಂದ ನಿವೃತ್ತರು. ನಾನು ಎಷ್ಟೇ ಕೂಗಾಡಿದರೂ ತಣ್ಣಗೆ ಇರುವ ಮನುಷ್ಯ. ಗೋಡೆಗಳು ಎದೆಮಟ್ಟ ಎದ್ದ ದಿನ, "ನಡಿ, ನಿನಗಂತ ಒಂದು ಮಾಡ್ಸೀನಿ, ತೋರಸ್ತೀನಿ" ಎಂದು ಕರೆದುಕೊಂಡು ಹೋದರು. ಸಿಮೆಂಟಿನ ನೆಲದ ಮೇಲೆ ನಿಂತು ಒಂದೊಂದೇ ತೋರಿಸಿದರು.

"ಇದು ನಮ್ಮ ಖೋಲಿ. ಅದರ ಬಾಜೂಕ ದೇವರ ಖೋಲಿ. ಇಲ್ಲಿ ನಿನ್ನ ಮಡಿ ಬಟ್ಟಿ ಒಣಗಸ್ಲಿಕ್ಕೆ ಗಳಾ, ಇಲ್ಲಿ ಮಡಿ ನೀರಿಗೆ ಬ್ಯಾರೆ ನಳಾ. ಯಾರೂ ಮುಟ್ಟೂ ಹಂಗಿಲ್ಲ."

"ಬಚ್ಚಲಾ ಎಲ್ಲಿ?" ಅಂದೆ.

"ಎಂಜಿನಿಯರ್ ನಮ್ಮ ಖೋಲಿಗೇ ಹಾಕಿದ್ದ. ಅದರ ಗ್ವಾಡಿ ದೇವರ ಖೋಲಿಗೆ ಹತ್ತತಿತ್ತು. ನಾ ಬಿಲ್ಕುಲ್ ಬ್ಯಾಡ ಅಂದೆ. ಈಗ ಹಿತ್ತಲ ಬಾಗಲಾ ದಾಟಿ, ಆ ಮೂಲಿಗೆ ಹಾಕ್ಸೀನಿ."

ಹೇಳುವಾಗ ಅವರ ಮುಖದಲ್ಲಿ ಅಂಥ ಹಿಗ್ಗು. ಯಾರಿಗೂ ಎದುರು ಮಾತಾಡದ ಮನುಷ್ಯ ನನಗಾಗಿ ಎಂಜಿನಿಯರನ ಜೊತೆ ವಾದ ಮಾಡಿದ್ದರು. ನಾನು ಆ ಮೂಲೆಯನ್ನು ನೋಡಿದೆ. ಕತ್ತಲಲ್ಲಿ ಎದ್ದು, ಕೋಣೆ ದಾಟಿ, ಪಡಸಾಲೆ ದಾಟಿ, ಚಿಲಕ ತೆಗೆದು ಅಲ್ಲಿಗೆ ಮುಟ್ಟುವುದರೊಳಗೆ ನನ್ನ ಗತಿ ಏನಾಗುತ್ತದೆಂದು ಕಣ್ಣಿಗೆ ಕಟ್ಟಿತು. ಸಾಯುವ ತನಕ ಹಾಗೆಯೇ. ಸಿಟ್ಟು ನೆತ್ತಿಗೇರಿತು.

"ಮಳಿಗಾಲದಾಗ ಛತ್ರಿ ಹಿಡಕೊಂಡು ಹೋಗಬೇಕೇನ್ರಿ?"

"ತಗಡಾ ಹಾಕಸ್ತೀನಿ."

"ನಾಳೆ ನಿಮ್ಮ ಮೊಣಕಾಲು ಹಿಡಕೊಂಡ್ರ?"

"ನನ್ನ ಕಾಲು ಗಟ್ಟಿ ಅವ."

"ನಿಮಗ ತಲಿ ಅದನೋ ಇಲ್ಲೋ" ಎಂದು ಮೇಸ್ತ್ರಿಯ ಎದುರಿಗೇ ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. "ನಿನಗಂತೇ ಮಾಡಿದ್ದು" ಎಂದಷ್ಟೇ ಹೇಳಿ ಇಟ್ಟಿಗೆಗೆ ನೀರು ಹೊಡೆಯಲು ಹೋದರು.

ಆಮೇಲೆ ಅಡ್ಡದಾರಿ ಹಿಡಿದೆ. ಮಗಳಿಗೆ ಫೋನು ಮಾಡಿ, ವಯಸ್ಸಾದವರಿಗೆ ಬಚ್ಚಲು ಹತ್ತಿರ ಇರಬೇಕೆಂದು ನಿಮ್ಮಪ್ಪನಿಗೆ ನೀನೇ ಹೇಳು ಅಂದೆ. "ಅಮ್ಮಾ, ನಾ ಯಾವಾಗೋ ಹೇಳೀನಿ" ಅಂದಳು. "ನಿನ್ನ ಮಡಿ ಮುಂದ ನನ್ನ ಮಾತು ಎಲ್ಲಿ ನಡೀತದ?" ಇತ್ತ ಗೋಡೆ ದಿನದಿನಕ್ಕೆ ಏರುತ್ತಿತ್ತು. ಸ್ಲ್ಯಾಬ್ ಬಿದ್ದು ಪೈಪುಗಳು ಹೂತುಹೋದರೆ ಆಮೇಲೆ ಬ್ರಹ್ಮ ಬಂದರೂ ಬಚ್ಚಲು ಸರಿಯುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು ಹಲ್ಲು ಕಚ್ಚಿದೆ.

ಸ್ಲ್ಯಾಬಿಗೆ ಸೆಂಟ್ರಿಂಗಿನ ಹಲಗೆ ಕಟ್ಟುವ ಮುಂಚೆ ಒಂದು ಮಧ್ಯಾಹ್ನ ಇಬ್ಬರೂ ಅಲ್ಲಿದ್ದೆವು. ಪಕ್ಕದಲ್ಲೇ ಒಬ್ಬ ಸಿಮೆಂಟಿನ ಚೀಲ ಕೊಡವಿದ. ಧೂಳು ಮೂಗಿಗೆ ಹೋಗಿ ಸೀನು ಹತ್ತಿತು, ಒಂದರ ಹಿಂದೆ ಒಂದು, ನಿಲ್ಲಲೇ ಇಲ್ಲ. ಆ ಜಾಗದಲ್ಲಿ ಓಡಿಹೋಗಲು ಒಂದು ಮರೆಯೂ ಇರಲಿಲ್ಲ. ಸುತ್ತ ಕೆಲಸದ ಗಂಡಸರು. ಇಟ್ಟಿಗೆಯ ರಾಶಿಯ ಮೇಲೆ ಕೂತವಳು ಹಾಗೇ ಕೂತೆ. ಯಜಮಾನರು ಆಟೋ ಕರೆದು ತಂದರು.

"ಏಳು, ಆಟೋ ಬಂದದ."

"ನೀವು ಮುಂದ ನಡೀರಿ."

"ಯಾಕ? ಎದಿ ನೋಯ್ಲಿಕತ್ತದೇನು?"

ಹಾಗೆ ಕೇಳುವಾಗ ಅವರ ಮುಖ ಬಿಳಿಚಿತು. ಹತ್ತಿರ ಬಂದರು, ಕೈ ಚಾಚಿದರು, ಮತ್ತೆ ಹಿಂದಕ್ಕೆ ಎಳೆದುಕೊಂಡರು. ಆ ಹೆದರಿಕೆಯ ಮುಂದೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ತಲೆ ತಗ್ಗಿಸಿ ಅಂದೆ.

"ಉಚ್ಚಿ ಆಗೇದ್ರಿ. ಸೀರ್ಯಾಗ."

ಅವರು ಬಗ್ಗಿ ನನ್ನ ಮುಖ ನೋಡಿದರು.

"ಇವತ್ತೊಂದೇ ದಿನ ಅಲ್ಲ. ಆಪರೇಷನ್ ಆದಾಗಿಂದ ಹಿಂಗೇ. ಮಡಿ ಗಿಡಿ ಏನೂ ಇಲ್ಲ. ಎಲ್ಲಾ ಇದೇ."

ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರಲ್ಲ, ನನಗೇನೂ ಹಗುರಾಗಲಿಲ್ಲ. ಮುದಿ ವಯಸ್ಸಿನಲ್ಲಿ ಗಂಡನ ಎದುರಿಗೆ ಬಟ್ಟೆ ಕಳಚಿ ನಿಂತ ಹಾಗೆ ಆಯಿತು. ಅವರು ಹೆಗಲ ಮೇಲಿನ ಟವೆಲು ತೆಗೆದು ನನ್ನ ಮಡಿಲಿಗೆ ಹಾಕಿ ಮೇಸ್ತ್ರಿಯ ಹತ್ತಿರ ಹೋದರು. ನಮ್ಮ ಕೋಣೆಯ ಗೋಡೆಯನ್ನು ನಾಳೆಯೇ ಒಡೆಯಬೇಕು, ಎಂಜಿನಿಯರು ಮೊದಲು ತೋರಿಸಿದಲ್ಲಿಯೇ ಬಚ್ಚಲು ಬರಬೇಕು ಎಂದು ತೆಲುಗಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಅದರ ಹಿಂದೆ ದೇವರ ಕೋಣೆ ಇದೆಯಲ್ಲ ಎಂದ ಮೇಸ್ತ್ರಿ. ದೇವರನ್ನು ಬೇರೆ ಕಡೆ ಇಡುತ್ತೇವೆ ಅಂದರು ಇವರು.

ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಆಟೋ ಹತ್ತಿದೆ. ವಾಸನೆ ಅವರಿಗೆ ಬಡಿಯಬಾರದೆಂದು ಅಂಚಿಗೆ ಒತ್ತಿ ಕೂತೆ. ಅವರು ಆ ಅಂಚಿಗೆ ಕೂತರು. ಆಟೋದವನಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಆಮೇಲೆ ಕೇಳಿದರು.

"ಆಪರೇಷನ್ ಆದಮ್ಯಾಲೆ ನೀ ಹೊರಗ ಪಡಸಾಲ್ಯಾಗ ಚಾಪಿ ಹಾಸಕೊಂಡು ಮಲಗಲಿಕ್ಕೆ ಸುರು ಮಾಡಿದಿ. ಅದೂ ಮಡಿ ಅಲ್ಲೇನು?"

"ಅಲ್ರಿ. ಬಚ್ಚಲಾ ಅಲ್ಲಿಂದ ಹತ್ರ ಇತ್ತು. ನಿಮಗ ನಾತ ಬರಬಾರದು ಅಂತ."

"ನಿನಗ ನನ್ನ ಮ್ಯಾಲೆ ಹೇಸಿಗಿ ಬಂದದ ಅಂತ ತಿಳಕೊಂಡಿದ್ದೆ" ಅಂದರು. "ನನ್ನಿಂದ ಏನು ತಪ್ಪಾತು ಅಂತ ಭಾಳ ವರ್ಷ ವಿಚಾರ ಮಾಡೀನಿ. ಆಮ್ಯಾಲೆ ಮಡಿ ಇರಬೇಕು ಅಂತ ಸುಮ್ಮಾದೆ."

ಇಷ್ಟು ವರ್ಷ ನಾಚಿಕೆ ಎಂದರೆ ನನ್ನದೊಂದೇ ಎಂದುಕೊಂಡು ಅದನ್ನೇ ಕಾಯುತ್ತ ಕೂತಿದ್ದೆ. ಗೋಡೆಯ ಆಚೆ ಆ ಮನುಷ್ಯ ಒಬ್ಬನೇ ಮಲಗಿ, ಹೇಸಿಗೆಯವನು ತಾನೇ ಎಂದುಕೊಂಡಿದ್ದ. ಒಂದು ದಿನವೂ ನನಗೆ ಆ ಯೋಚನೆ ಬರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ.

ಅವರು ಸೀಟಿನ ಮೇಲೆ ಸರಿದು ನನಗೆ ಒತ್ತಿ ಕೂತರು.

"ಆಕಡೆ ಸರೀರಿ, ಒದ್ದಿ ಅದ" ಅಂದೆ.

ಅವರು ಸರಿಯಲಿಲ್ಲ.