ಅಕ್ಕೋರ ಎಡಗಾಲು

ಅವರ ಬಲಗಾಲಲ್ಲಿ ಸಾದಾ ಚಪ್ಪಲಿ ಇರುತ್ತಿತ್ತು, ಎಡಗಾಲಲ್ಲಿ ಗಂಡಸರು ತೊಡುವ ಕ್ಯಾನ್ವಾಸ್ ಬೂಟು. ಬೂಟಿನೊಳಗೆ ಕಂದು ಬಣ್ಣದ ದಪ್ಪ ಕಾಲುಚೀಲ. ರಾಮದುರ್ಗದ ಏಪ್ರಿಲ್ ಬಿಸಿಲಿಗೆ ನಾವು ಹುಡುಗಿಯರು ಬರಿಗಾಲಲ್ಲಿ ಕುಣಿಯುತ್ತ ನೆರಳು ಹುಡುಕುವಾಗಲೂ ಆ ಕಾಲುಚೀಲ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಬೂಟಿನ ಲೇಸನ್ನು ಅವರು ಯಾವತ್ತೂ ಪೂರ್ತಿ ಬಿಗಿಯುತ್ತಿರಲಿಲ್ಲ. ಒಳಗಿನ ಕಾಲು ಅದರಲ್ಲಿ ಹಿಡಿಸುತ್ತಿರಲಿಲ್ಲ.

ಅವರು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಾನಾಗ ಒಂಬತ್ತನೆಯ ತರಗತಿ. ಎಲ್ಲರಿಗೂ ಅವರು ಅಕ್ಕೋರು. ಉಗರಗೋಳದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಮದುವೆಯಾಗದೆ ನಮ್ಮ ಓಣಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಜೋರಾಗಿ ಮಾತಾಡಿದವರಲ್ಲ. ತಪ್ಪು ಉತ್ತರ ಹೇಳಿದರೆ ಬೈಯುತ್ತಿರಲಿಲ್ಲ. ‘ಇನ್ನೊಮ್ಮಿ ನೋಡು’ ಅನ್ನುತ್ತಿದ್ದರು, ಅಷ್ಟೇ. ಎಲೆಯಾಗಲಿ, ಹುಳವಾಗಲಿ, ಅವರ ಪಾಠವೆಲ್ಲ ಆ ಮಾತಿನ ಸುತ್ತಲೇ ತಿರುಗುತ್ತಿತ್ತು.

ಶಿಲೀಂಧ್ರಗಳ ಪಾಠ ಶುರುವಾದ ದಿನ ಅವರು ಪುಸ್ತಕ ತೆಗೆಯಲಿಲ್ಲ. ನಾಲ್ಕು ದಿನದ ಹಿಂದೆ ನೀರು ಚಿಮುಕಿಸಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ಜೋಳದ ರೊಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. ರೊಟ್ಟಿ ಕಾಣುತ್ತಲೇ ಇರಲಿಲ್ಲ. ಬಿಳಿ ಅರಳೆಯಂಥದ್ದು ಬೆಳೆದು, ಅದರ ಮೇಲೆಲ್ಲ ಕರಿ ಚುಕ್ಕೆ. ನಾವು ಸೆರಗು, ರಿಬ್ಬನ್ನು ಸಿಕ್ಕಿದ್ದರಿಂದ ಮೂಗು ಮುಚ್ಚಿಕೊಂಡೆವು. ಬೂಷ್ಟು ಬಂತೆಂದು ನೀವು ಬಿಸಾಡುವುದು ಒಂದು ಜೀವ ಎಂದರು ಅಕ್ಕೋರು. ಅದರಲ್ಲಿ ಹಸಿರಿಲ್ಲ, ಆದ್ದರಿಂದ ಗಿಡದ ಹಾಗೆ ಬಿಸಿಲಲ್ಲಿ ತನ್ನ ಊಟ ತಾನು ಮಾಡಿಕೊಳ್ಳಲಾರದು. ನೂಲಿನಂಥ ಎಳೆ ಚಾಚಿ ಸತ್ತದ್ದನ್ನು ಕರಗಿಸಿ ಹೀರುತ್ತದೆ, ಇಲ್ಲವೆ ಬದುಕಿದವರ ಮೈಯೊಳಗೇ ಬಿಡಾರ ಹೂಡುತ್ತದೆ. ತಿಪ್ಪೆಯ ಮೇಲೇಳುವ ಅಣಬೆ, ಜೋಳದ ತೆನೆಗೆ ಬಡಿಯುವ ಕಾಡಿಗೆ ರೋಗ, ಹಿಟ್ಟು ಉಬ್ಬಿಸುವ ಯೀಸ್ಟ್, ಡಾಕ್ಟರು ಚುಚ್ಚುವ ಪೆನಿಸಿಲಿನ್ ಕೊಟ್ಟ ಬೂಷ್ಟು, ಎಲ್ಲವೂ ಒಂದೇ ಬಳಗ. ಇದು ಇಲ್ಲದಿದ್ದರೆ ಸತ್ತ ಎಲೆಯೂ ಸತ್ತ ದನವೂ ಕೊಳೆಯಲು ಎಷ್ಟೋ ಕಾಲ ಹಿಡಿದು, ನಮಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

“ಪುಸ್ತಕದಾಗ ಇದು ಸಸ್ಯ ಅಂತ ಬರದಾರ. ಪರೀಕ್ಷಾದಾಗ ಹಂಗ ಬರೀರಿ, ಮಾರ್ಕ್ಸ್ ಬೇಕಲ್ಲ,” ಎಂದು ಸ್ವಲ್ಪ ನಕ್ಕರು. “ಆದ್ರ ನಂಬಬ್ಯಾಡ್ರಿ. ಇದರ ಕುಲಾನ ಬ್ಯಾರೆ.”

ಮರುದಿನ ಶಾಲೆಯ ಹಿಂದಿನ ಬಂಡೆಗಳ ಹತ್ತಿರ ಕರೆದೊಯ್ದರು. ಬೂದಿ ಚೆಲ್ಲಿದ ಹಾಗೆ ಕಾಣುವ ಕಲ್ಲುಹೂವನ್ನು ತೋರಿಸಿ, ಇದು ಹೂವೂ ಅಲ್ಲ, ಒಂದೇ ಜೀವವೂ ಅಲ್ಲ, ಎರಡು ಎಂದರು. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಒಳಗಿನ ಪಾಚಿ ಅಡುಗೆ ಮಾಡುತ್ತದೆ, ಇಬ್ಬರೂ ಕೂಡಿಯೇ ಬರಿ ಕಲ್ಲಿನ ಮೇಲೆ ಬಾಳುತ್ತಾರೆ. ಇದರ ಸಂಬಂಧಿಯನ್ನೇ ನಿಮ್ಮ ಅವ್ವಂದಿರು ಮಸಾಲೆಗೆ ಕುಟ್ಟಿ ಹಾಕುತ್ತಾರೆ ಎಂದಾಗ ಇಡೀ ತರಗತಿ ಹೌಹಾರಿತು. ಆವತ್ತು ರಾತ್ರಿ ನಾನು ಪಲ್ಯ ಮುಟ್ಟಲಿಲ್ಲ.

ಆದರೆ ನಿಜವಾದ ದಿಗಿಲು ಕಾದಿದ್ದು ಆ ಶನಿವಾರಕ್ಕೆ. ತರಗತಿಯ ನೋಟುಬುಕ್ಕುಗಳನ್ನು ಅವರ ಕೋಣೆಗೆ ಮುಟ್ಟಿಸಲು ಹೋಗಿದ್ದೆ. ಬಾಗಿಲು ಅರೆ ತೆರೆದಿತ್ತು. ಕೂಗದೆ ಒಳಗೆ ಕಾಲಿಟ್ಟೆ. ಅಕ್ಕೋರು ಮಣೆಯ ಮೇಲೆ ಕುಳಿತು ಎಡಗಾಲನ್ನು ಬಿಸಿನೀರಿನ ಬೋಗುಣಿಯ ಮೇಲೆ ಹಿಡಿದಿದ್ದರು. ಅದನ್ನು ಕಾಲೆಂದು ಗುರುತಿಸಲು ನನಗೆ ಹೊತ್ತು ಹಿಡಿಯಿತು. ಪಾದ ಉಬ್ಬಿ ದುಂಡಗಾಗಿ, ಬೆರಳುಗಳು ಮೇಲಕ್ಕೆ ಎದ್ದುಬಿಟ್ಟಿದ್ದವು. ತುಂಬ ಗಂಟು, ಗಂಟಿಗೊಂದು ತೂತು. ನಾನು ನೋಡುತ್ತಿದ್ದಂತೆಯೇ ಒಂದು ತೂತಿನಿಂದ ಸಾಸಿವೆಯಂಥ ಕರಿಕಾಳು ಹೊರಬಂದು ನೀರಿಗೆ ಬಿತ್ತು.

ಅವರು ತಲೆಯೆತ್ತಿದರು. ಕಾಲನ್ನು ಮರೆ ಮಾಡಲಿಲ್ಲ. ಅಲ್ಲೇ ಇಟ್ಟು ಹೋಗು ಎಂದರು. ನಾನು ಪುಸ್ತಕಗಳನ್ನು ಕೆಡವಿ ಓಡಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ, ಅಕ್ಕೋರಿಗೆ ದೊಡ್ಡ ಜಡ್ಡು ಐತಿ ಎಂದು. ನಮ್ಮ ಕಡೆ ಕುಷ್ಠಕ್ಕೆ ಹಾಗೆನ್ನುತ್ತಾರೆ. ಯಾರೂ ನನಗೆ ಆ ಮಾತು ಹೇಳಿಕೊಟ್ಟಿರಲಿಲ್ಲ. ನಾನೇ ಹುಡುಕಿ ಹಚ್ಚಿದೆ. ಅವ್ವ ಪಕ್ಕದ ಮನೆಗೆ ಹೇಳಿದಳು, ಪಕ್ಕದ ಮನೆ ಬಾವಿಕಟ್ಟೆಗೆ ಹೇಳಿತು. ವಾರದೊಳಗೆ ತರಗತಿಯ ಮುಂದಿನ ಎರಡು ಸಾಲು ಖಾಲಿಯಾದವು. ಅವರು ಮುಟ್ಟಿದ ಸೀಮೆಸುಣ್ಣವನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೋಣೆಯ ಒಡತಿ ಅವರ ಕೊಡವನ್ನು ಬಾವಿಯಿಂದ ದೂರ ಇಡಿಸಿದಳು. ಶಾಲೆಯ ಕಮಿಟಿಯಲ್ಲಿದ್ದ ನನ್ನ ಅಪ್ಪ, ಈ ಅಕ್ಕೋರನ್ನು ಕಳಿಸದೆ ದಾರಿಯಿಲ್ಲ ಎಂದು ಊಟದ ಹೊತ್ತಿಗೆ ಹೇಳಿದ. ನಾನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ.

ಹೆಡ್‌ಮಾಸ್ತರರು ಅಕ್ಕೋರನ್ನು ಕರೆದು ರಜೆಯ ಮೇಲೆ ಹೋಗಲು ಹೇಳಿದರಂತೆ. ಅಕ್ಕೋರು ಒಂದೇ ಒಂದು ಪೀರಿಯಡ್ಡು ಕೇಳಿಕೊಂಡರಂತೆ, ಕಮಿಟಿಯವರೂ ಬಂದು ಕುಳಿತುಕೊಳ್ಳಲಿ ಎಂದು.

ಹೀಗಾಗಿ ಒಂದು ಮಧ್ಯಾಹ್ನ ನಮ್ಮ ತರಗತಿಯ ಗೋಡೆಗೆ ಕುರ್ಚಿ ಹಾಕಿಕೊಂಡು ಹೆಡ್‌ಮಾಸ್ತರರು, ಅಪ್ಪ, ಇನ್ನೊಬ್ಬ ಹಿರಿಯರು ಕುಳಿತಿದ್ದರು. ಮೇಜಿನ ಮೇಲೆ ಶಾಲೆಯ ಒಂದೇ ಸೂಕ್ಷ್ಮದರ್ಶಕ. ಅಕ್ಕೋರು ಒಳಬಂದು, ಸ್ಟೂಲಿನ ಮೇಲೆ ಕುಳಿತು, ಬೂಟು ಕಳಚಿದರು. ಆಮೇಲೆ ಕಾಲುಚೀಲ. ಯಾರೋ ಹುಡುಗಿ ಅಳತೊಡಗಿದಳು. ಹಿರಿಯರು ಮುಖ ತಿರುಗಿಸಿದರು. ಪರಗಂಡಸರ ಮುಂದೆ ಒಬ್ಬ ಹೆಣ್ಣುಮಗಳು ಹೀಗೆ ಕೆಟ್ಟ ಕಾಲು ತೆರೆದಿಟ್ಟು ಕೂತದ್ದನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ.

ನೀವು ಹೇಳುವ ಜಡ್ಡು ಬಂದರೆ ಆ ಜಾಗದಲ್ಲಿ ಸ್ಪರ್ಶ ಸಾಯುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ ಎಂದು ಅವರು ಪಾಠ ಹೇಳುವ ದನಿಯಲ್ಲೇ ಹೇಳಿದರು. ಸೆರಗಿನಿಂದ ಒಂದು ಪಿನ್ನು ತೆಗೆದು ನನ್ನ ಕಡೆ ಚಾಚಿದರು.

“ನೀ ನೋಡಿದಾಕಿ. ನೀನ ಬಾ.”

ಅವರಿಗೆ ಗೊತ್ತಿತ್ತು. ಇಷ್ಟು ದಿನ ಗೊತ್ತಿದ್ದೂ ನನ್ನ ನೋಟುಬುಕ್ಕು ತಿದ್ದಿದ್ದರು, ನನ್ನನ್ನು ಪ್ರಶ್ನೆ ಕೇಳಿದ್ದರು. ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಹೋಗಿ ನೆಲಕ್ಕೆ ಕೂತೆ. ಅಕ್ಕೋರು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕಣ್ಣು ಮುಚ್ಚಿದರು. ಚುಚ್ಚಿದೆ. ಹೆಬ್ಬೆರಳ ಬುಡಕ್ಕೆ ಎಂದರು. ಇನ್ನೊಂದು ಕಡೆ ಚುಚ್ಚಿದೆ. ಹಿಮ್ಮಡಿ ಎಂದರು. ಮೂರನೆಯದಕ್ಕೆ ಪಿನ್ನು ಆಳಕ್ಕೆ ಹೋಯಿತು. ಅವರ ತುಟಿ ಬಿಗಿಯಿತು, ದನಿ ಮಾತ್ರ ಹಾಗೆಯೇ ಇತ್ತು: ಒಳಮಗ್ಗಲು.

ಆಮೇಲೆ ಅವರೇ ಸೂಜಿಯಿಂದ ಒಂದು ಕರಿಕಾಳನ್ನು ಎತ್ತಿ ಗಾಜಿನ ಮೇಲಿಟ್ಟು, ಕ್ಷಾರದ ಹನಿ ಹಾಕಿ, ಮೇಲೊಂದು ತೆಳುಗಾಜು ಒತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಅಪ್ಪನನ್ನು ಮೊದಲು ಕರೆದರು. ಅಪ್ಪ ಟೋಪಿ ತೆಗೆದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಕಂದು ಎಳೆಗಳು ಒಂದರೊಳಗೊಂದು ಹೆಣೆದುಕೊಂಡದ್ದು ಕಾಣುತ್ತಿತ್ತು. ನಾನೂ ಆಮೇಲೆ ನೋಡಿದೆ.

“ಇದು ಅಂಟತೈತೇನ್ರಿ?” ಎಂದು ಅಪ್ಪ ಕೇಳಿದ.

“ಇಲ್ಲರಿ. ಹೊಲದ ಮಣ್ಣಾಗ ಇರೂ ಬೂಷ್ಟು ಇದು. ಸಣ್ಣಾಕಿದ್ದಾಗ ಕಾಲಿಗೆ ಜಾಲಿಮುಳ್ಳು ನಟ್ಟಿತ್ತು, ಅದರ ಕೂಡ ಒಳಗ ಹೋತು. ಮುಳ್ಳು ತಗದ್ರು. ಇದು ಅಲ್ಲೇ ಉಳೀತು.”

ಬರಿಗಾಲಲ್ಲಿ ಕೂತಿದ್ದ ನಾವು ಮೂವತ್ತು ಹುಡುಗಿಯರೂ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡೆವು.

ಕಮಿಟಿ ಅವರನ್ನು ಕಳಿಸಲಿಲ್ಲ. ಹಾಗೆಂದು ಎಲ್ಲ ಸರಿಹೋಗಲೂ ಇಲ್ಲ. ಕೋಣೆಯ ಒಡತಿ ಖಾಲಿ ಮಾಡಿಸಿಯೇ ಬಿಟ್ಟಳು, ಅಕ್ಕೋರು ಪ್ರಯೋಗಶಾಲೆಯ ಪಕ್ಕದ ಸಾಮಾನಿನ ಕೋಣೆಗೆ ಹಾಸಿಗೆ ಸಾಗಿಸಿದರು. ಇಬ್ಬರು ಹುಡುಗಿಯರು ಶಾಲೆ ಬಿಟ್ಟರು. ಅಪ್ಪ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ನಾಲ್ಕು ದಿನ ಮಾತಾಡಿಸಲಿಲ್ಲ.

ಮುಂದಿನ ವರ್ಷ ಆ ಬೂಷ್ಟು ಮೂಳೆಗೆ ಇಳಿಯಿತು. ದೊಡ್ಡ ಆಸ್ಪತ್ರೆಗೆ ಹೋದವರು ಎರಡು ತಿಂಗಳ ಮೇಲೆ ಬಂದಾಗ ಎಡ ಮೊಳಕಾಲಿನ ಕೆಳಗೆ ಏನೂ ಇರಲಿಲ್ಲ. ಕಂಕುಳಲ್ಲಿ ಎರಡು ಊರುಗೋಲು. ಕೆಲಸ ಬಿಟ್ಟು ಸಾಮಾನು ಒಯ್ಯಲು ಬಂದಿದ್ದರು. ಹೋಗುವ ಮೊದಲು ಪ್ರಯೋಗಶಾಲೆಯ ಕಪಾಟಿನಲ್ಲಿ, ಕಪ್ಪೆ ಮತ್ತು ಹಾವಿನ ಬಾಟಲಿಗಳ ನಡುವೆ ಒಂದು ಸಣ್ಣ ಸೀಸೆ ಇಟ್ಟರು. ತಿಳಿನೀರಿನಂಥ ದ್ರವದಲ್ಲಿ ಹತ್ತಿಪ್ಪತ್ತು ಕರಿಕಾಳು. ಚೀಟಿಯಲ್ಲಿ ಅವರದೇ ದುಂಡನೆಯ ಅಕ್ಷರ: ‘ಶಿಲೀಂಧ್ರ. ಸಿಕ್ಕ ಜಾಗ: ಮನುಷ್ಯರ ಪಾದ. ಪಾಠಕ್ಕೆ.’ ಯಾರ ಪಾದವೆಂದು ಬರೆದಿರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಅವರ ಟ್ರಂಕು ಹೊತ್ತುಕೊಂಡು ಹೋದೆ. ಸವದತ್ತಿ ಬಸ್ಸು ತಡವಾಗಿತ್ತು. ಕಲ್ಲಬೆಂಚಿನ ಮೇಲೆ ಕೂತಾಗ, ವರ್ಷಕ್ಕೂ ಮೇಲೆ ಒಳಗೇ ಇಟ್ಟುಕೊಂಡದ್ದನ್ನು ಹೇಳಿದೆ. ತಪ್ಪಾಯ್ತರಿ ಅಕ್ಕೋರ, ನಾನ ಹೇಳಿದ್ದು ಎಂದೆ.

ಅವರು ಊರುಗೋಲುಗಳನ್ನು ಬೆಂಚಿಗೆ ಒರಗಿಸಿದರು.

“ನೀ ಕಂಡದ್ದನ್ನ ಹೇಳಿದಿ, ಅದು ತಪ್ಪಲ್ಲ. ತಿಳೀದ ಅದಕ್ಕೊಂದು ಹೆಸರಿಟ್ಟಿ ನೋಡು, ಅದು ತಪ್ಪು.”

ಬಸ್ಸು ಬಂತು. ಕಂಡಕ್ಟರ್ ರಟ್ಟೆ ಹಿಡಿದು ಹತ್ತಿಸಿಕೊಂಡ.

ಅವರು ಉಗರಗೋಳದಲ್ಲಿ ತಮ್ಮನ ಮನೆಯಲ್ಲಿ ಒಂದೂವರೆ ವರ್ಷ ಇದ್ದು, ಯಾವುದೋ ಜ್ವರದಲ್ಲಿ ಹೋದರಂತೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಆಗ ನಾನು ಲ್ಯಾಬ್ ಟೆಕ್ನಿಷಿಯನ್ ತರಬೇತಿಗೆ ಸೇರಿದ್ದೆ.

ಮೂವತ್ತು ವರ್ಷ ಬೈಲಹೊಂಗಲದ ಒಂದು ದವಾಖಾನೆಯಲ್ಲಿ ಜನರ ರಕ್ತ, ಕಫ, ಕೀವು ನೋಡಿದೆ. ಚೀಟಿಯ ಮೇಲೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೆ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದೇ ಬರೆಯುತ್ತಿದ್ದೆ. ಹೊಸದಾಗಿ ಬಂದ ಡಾಕ್ಟರುಗಳು ಅದಕ್ಕೆ ಸಿಡುಕುತ್ತಿದ್ದರು, ಏನಾದರೊಂದು ಹೆಸರು ಬರೆಯಿರಿ ಎನ್ನುತ್ತಿದ್ದರು. ಬರೆಯಲಿಲ್ಲ.