ಇನ್ನೊಂದು ಸಲ ಹೇಳು

ರುದ್ರಪ್ಪಜ್ಜನ ಎರಡು ಕಿವಿಗಳೂ ಎಣ್ಣೆಯಲ್ಲಿ ಕರಿದ ಕಜ್ಜಾಯದಂತೆ ಉಬ್ಬಿ ಮುದುರಿಕೊಂಡಿದ್ದವು. ಕುಸ್ತಿಯಲ್ಲಿ ಎದುರಾಳಿಗಳ ತೋಳಿಗೆ ಸಿಕ್ಕಿ ಸಿಕ್ಕಿ ಆದ ಗತಿ ಅದು. ಎಡಗಿವಿಯಂತೂ ಪೂರ್ತಿ ಮಂದ. ಕಿವಿಗೆ ಮಷೀನು ಹಾಕಿಸಿಕೊಳ್ಳಿ ಎಂದರೆ, "ಅದನ್ನ ಹಾಕ್ಕೊಂಡು ಮಣ್ಣಾಗೆ ಇಳಿಯಾಕೆ ಬರ್ತೈತೇನವ್ವ?" ಎಂದು ನನ್ನನ್ನೇ ಗದರುತ್ತಿದ್ದರು. ಯಾರು ಏನು ಹೇಳಿದರೂ ಅಂಗೈಯನ್ನು ಬಲಗಿವಿಗೆ ಒಡ್ಡಿ, ಮುಖ ಹತ್ತಿರ ತಂದು, "ಇನ್ನೊಂದು ಸಲ ಹೇಳು" ಎನ್ನುವರು. ಹೊನ್ನಾಳಿಯ ನಮ್ಮ ಓಣಿಯಲ್ಲಿ ಅವರಿಗೆ ಗುಟ್ಟು ಹೇಳುವುದು ಸಾಧ್ಯವೇ ಇರಲಿಲ್ಲ.

ನಮ್ಮ ಹಿತ್ತಿಲ ಗೋಡೆಯಾಚೆಗೇ ಅವರ ಗರಡಿಮನೆ. ಒಂದು ಕಾಲಕ್ಕೆ ಜಗಳೂರಿನ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದವರು. ಅವರ ಗರಡಿಯಲ್ಲಿ ಆಟಕ್ಕೆ ಮೊದಲು ಜೋಡಿಯ ಇಬ್ಬರೂ ಹಿಡಿ ಕೆಮ್ಮಣ್ಣು ತೆಗೆದುಕೊಂಡು ಒಬ್ಬರ ಭುಜಕ್ಕೆ ಇನ್ನೊಬ್ಬರು ಸವರಬೇಕು, ಅದೂ ಮುಖ ನೋಡಿಕೊಂಡೇ. ತಲೆ ತಗ್ಗಿಸಿ ಸವರಿದವನನ್ನು ಅಜ್ಜ ಹೊರಗೆ ಕಳಿಸುತ್ತಿದ್ದರು. "ಒಬ್ನೇ ಬೈಠಕ್ ಹೊಡಿ, ಬ್ಯಾಡ ಅನ್ನಲ್ಲ. ಆದ್ರೆ ನಿನ್ನ ಬಲ ಎಷ್ಟೈತೆ ಅನ್ನೋದು ಇನ್ನೊಬ್ಬ ಹಿಡಿದಾಗ್ಲೇ ಗೊತ್ತಾಗೋದು" ಎಂಬುದು ಅವರ ಮಾತು. ಯಾರಾದರೂ ಗರಡಿ ತಪ್ಪಿಸಿದರೆ ಅವರ ಮನೆಗೇ ಹೋಗಿ ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಕಾರಣ ಕೇಳುತ್ತಿರಲಿಲ್ಲ. ಚಹಾ ಕೊಟ್ಟರೆ ಕುಡಿದು, ಹುಡುಗ ಬರುವ ತನಕ ಅಲ್ಲೇ ಇರುವರು.

ನನ್ನ ತಮ್ಮ ನವೀನನೂ ಅವರ ಶಿಷ್ಯನೇ. ಪೊಲೀಸ್ ಪರೀಕ್ಷೆಯಲ್ಲಿ ಎರಡನೇ ಸಲವೂ ಫೇಲಾದ ಮೇಲೆ ಗರಡಿ ಬಿಟ್ಟ, ಆಮೇಲೆ ಗೆಳೆಯರನ್ನು ಬಿಟ್ಟ, ಕೊನೆಗೆ ನಮ್ಮ ಜೊತೆ ಕೂತು ಉಣ್ಣುವುದನ್ನೂ ಬಿಟ್ಟ. ಅಟ್ಟದ ಕೋಣೆಯಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಕೂತರೆ ಮುಗಿಯಿತು. ಬಾಯಿ ಬಿಟ್ಟರೆ "ಆ ಜನ, ಆ ಜನ." ಒಂದು ಸಮುದಾಯದ ಜನರ ಮೇಲೆ ಅಷ್ಟು ವಿಷ ಎಲ್ಲಿಂದ ಬಂತೋ, ನಮ್ಮ ಮನೆಯಲ್ಲಂತೂ ಯಾರೂ ಅವನಿಗೆ ಅದನ್ನು ಉಣಿಸಿರಲಿಲ್ಲ. ನಾನು ಬೈದೆ. ಅವ್ವ, "ವಯಸ್ಸಿನ ಸಿಟ್ಟು, ಹೋಗ್ತೈತೆ ಬಿಡು" ಎಂದಳು.

ಅಜ್ಜ ಬಂದು ಜಗಲಿಯ ಮೇಲೆ ಕೂತರು. ನವೀನ ಇಳಿಯಲಿಲ್ಲ. ಮರುದಿನ ನೋವಿನ ಮಂಡಿ ಎತ್ತಿಕೊಂಡು ತಾವೇ ಅಟ್ಟ ಹತ್ತಿದರು. ಆಮೇಲೆ ದಿನವೂ ಹತ್ತಿದರು. ಅವನ ಪಕ್ಕ ಕೂತು ಅದೇ ವಿಡಿಯೋ ನೋಡುವರು, ಒಂದಕ್ಕೂ ಎದುರು ವಾದಿಸುತ್ತಿರಲಿಲ್ಲ. ಒಮ್ಮೆ ಮಾತ್ರ, ತೆರೆಯಲ್ಲಿ ಕಿರುಚುತ್ತಿದ್ದವನನ್ನು ತೋರಿಸಿ ಕೇಳಿದ್ದು ನನಗೆ ಕೇಳಿಸಿತು: "ಇವ್ನಿಗೆ ನಿನ್ನ ಹೆಸ್ರು ಗೊತ್ತೈತೇನಪ್ಪ?"

ಒಂದು ಮಧ್ಯಾಹ್ನ ಏಣಿಯ ಕೆಳಗೆ ಕೂತು ಬ್ಲೌಸ್ ಹೊಲಿಯುತ್ತಿದ್ದೆ. ಮೇಲೆ ನವೀನ ಏನೋ ಗೊಣಗಿದ. "ಇನ್ನೊಂದು ಸಲ ಹೇಳು" ಎಂದರು ಅಜ್ಜ.

"ನ್ಯಾಮತಿ ಸಂತೇಲಿ ಆ ಜನರ ಅಂಗಡಿ ಸಾಲಿಗೆ ನುಗ್ತೀನಿ. ನಾನೊಬ್ನೇ ಸಾಕು."

ನನ್ನ ಕಾಲು ಮಷೀನಿನ ಮೇಲೆ ಹಾಗೇ ನಿಂತಿತು.

"ಕೇಳಿಸ್ಲಿಲ್ಲ. ನನ್ನ ಮುಖ ನೋಡಿ ಹೇಳು."

ಅವನು ಮತ್ತೆ ಹೇಳಿದ, ಗಟ್ಟಿಯಾಗಿ. ಅಜ್ಜ ಇನ್ನೊಮ್ಮೆ ಕೇಳಿದರು. ಮೂರನೆಯ ಸಲ ಅವನ ದನಿ ನಡುವೆಯೇ ಒಡೆಯಿತು.

"ಆ ಸಾಲಿನಾಗೆ ಕೂಡೋರ ಪೈಕಿ ಒಬ್ಬರ ಹೆಸ್ರು ಹೇಳು."

ಮೇಲೆ ಪೆಟ್ಟಿಗೆ ಎಳೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಜ್ಜ ಕೆಳಗಿಳಿದರು. ಅವರ ಕೈಯಲ್ಲಿ ಲುಂಗಿಯಲ್ಲಿ ಸುತ್ತಿದ ಹೊಸ ಮಚ್ಚು ಇತ್ತು. ಹಿಂದೆಯೇ ಅಳುತ್ತ ನವೀನ.

ಮಚ್ಚು ಕೊಟ್ಟನಲ್ಲ, ಇನ್ನು ಮುಗಿಯಿತು ಎಂದುಕೊಂಡೆ. ಅಜ್ಜ ಒಪ್ಪಲಿಲ್ಲ. "ಮನೆಯಾಗೆ ಮುಚ್ಚಿಡೋ ಮಾತಲ್ಲವ್ವ ಇದು. ಇವತ್ತು ಕೊಟ್ಟಾನೆ, ನಾಳೆ ಇನ್ನೊಂದು ತಂದ್ರೆ? ಠಾಣೆಗೆ ಹೋಗಾನ."

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಗನ್ನ ಪೊಲೀಸರ ಕೈಗೆ ಕೊಡ್ತೀರೇನ್ರೀ ಮಾವ?"

"ಕೊಟ್ಟು ಬರಲ್ಲ ತಾಯಿ. ಜತಿಗೆ ಕೂಡ್ತೀನಿ."

ಹಾಗೇ ಕೂತರು. ಠಾಣೆಯವರು ಮಚ್ಚು, ಮೊಬೈಲ್ ಎರಡನ್ನೂ ಇಟ್ಟುಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿದರು. ಆಮೇಲೆ ವಾರಕ್ಕೊಮ್ಮೆ ಬಂದು ಹಾಜರಿ ಹಾಕಬೇಕು, ದಾವಣಗೆರೆಯ ಮನೋವೈದ್ಯರಿಗೂ ತೋರಿಸಬೇಕು ಎಂದಾಯಿತು. ಎರಡಕ್ಕೂ ಅಜ್ಜ ಅವನ ಜೊತೆ ಹೋದರು. ನವೀನ ಬಸ್ಸಿನಲ್ಲಿ ಅವರ ಪಕ್ಕ ಕೂತರೂ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿರುತ್ತಿದ್ದ. ಅವ್ವ ಅವರಿಗೆ ಚಹಾ ಕೊಡುವುದನ್ನೇ ನಿಲ್ಲಿಸಿದಳು. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೆ ಸಿಟ್ಟಿತ್ತು.

ಆ ಸಿಟ್ಟು ಇಳಿದದ್ದು ನ್ಯಾಮತಿ ಸಂತೆಯಲ್ಲಿ. ಗುಂಡಿ, ದಾರ ತರಲು ಹೋದವಳು ಅದೇ ಸಾಲಿನಲ್ಲಿ ನಿಂತೆ. ಮುದುಕಿಯೊಬ್ಬಳು ನಾಲ್ಕು ಗುಂಡಿ ಹೆಚ್ಚಿಗೆ ಹಾಕಿ, "ಇರ್ಲಿ ತಗೋಳವ್ವ" ಎಂದಳು. ತಲೆ ಎತ್ತಿ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಊರಿಗೆ ಬಂದವಳೇ ಚಹಾ ಮಾಡಿ ಅಜ್ಜನ ಮನೆಗೆ ಒಯ್ದೆ.

ಹೋದ ಚಳಿಗಾಲ ಅಜ್ಜ ಹಾಸಿಗೆ ಹಿಡಿದರು. ಒಂದು ಸಂಜೆ ನವೀನ ತಾನಾಗಿಯೇ ಹೋಗಿ ಅವರ ಮಂಚದ ಬಳಿ ನಿಂತ. "ಅಜ್ಜ, ಗರಡಿಗೆ ಬರ್ಲಾ?" ಎಂದ.

ಅಜ್ಜನ ಕೈ ಎದ್ದಿತು, ಕಿವಿಯ ತನಕ ಹೋಗಲಿಲ್ಲ. ನವೀನ ಕೂತು ತನ್ನ ಅಂಗೈಯನ್ನೇ ಅವರ ಕಿವಿಯ ಹಿಂದೆ ಒಡ್ಡಿದ.

"ಇನ್ನೊಂದು ಸಲ ಹೇಳು."

"ಗರಡಿಗೆ ಬರ್ಲಾ ಅಜ್ಜ?"

"ಬಾ. ಒಬ್ನೇ ಬರಬ್ಯಾಡ, ಯಾರನ್ನಾರ ಕರ್ಕೊಂಡು ಬಾ."

ಅದೇ ವಾರ ಅವರು ತೀರಿಕೊಂಡರು.

ಈಗ ಗರಡಿಯ ಬೀಗದ ಕೈ ನವೀನನ ಹತ್ತಿರ ಇದೆ. ಬಾರದೆ ನಿಂತವರ ಮನೆಯ ಜಗಲಿಯ ಮೇಲೆ ಹೋಗಿ ಅವನೇ ಕೂರುತ್ತಾನೆ. ಅವನಿಗೆ ಎರಡು ಕಿವಿಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಆದರೂ ಯಾರಾದರೂ ಗೊಣಗಿದರೆ ಅಂಗೈಯನ್ನು ಕಿವಿಗೆ ಒಡ್ಡಿ, ಮುಖ ಹತ್ತಿರ ತಂದು, ಇನ್ನೊಂದು ಸಲ ಹೇಳು ಎನ್ನುತ್ತಾನೆ.